ಬೀಗದ ಅಂಗಡಿ, ಹೇಳಿ

ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಕಿರಿಸೊಸೆಗೆ,

ಹೇಗಿದ್ದೀಯಮ್ಮಾ? ಕಾಲಿನ ಊತ ಇಳಿಯಿತೆ? ಏಳನೇ ತಿಂಗಳಲ್ಲಿ ನನಗೂ ಹಾಗೇ ಆಗಿತ್ತು. ಮಲಗುವಾಗ ಪಾದದ ಕೆಳಗೆ ಎರಡು ದಿಂಬು ಇಟ್ಟುಕೋ, ಒಂದು ಸಾಲದು. ನಿಮ್ಮಮ್ಮನ ಮಂಡಿನೋವು ಹೇಗಿದೆ? ನನ್ನ ಮಗ ಹೊಟ್ಟೆ ತುಂಬ ಉಣ್ಣುತ್ತಾನೆಯೆ, ಇಲ್ಲ ಹೆಂಡತಿಯ ತವರೆಂದು ಸಂಕೋಚಪಟ್ಟುಕೊಂಡು ಅರ್ಧಕ್ಕೇ ಏಳುತ್ತಾನೆಯೆ? ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಉಳಿದವರು ಕ್ಷೇಮ. ನನಗೆ ಜ್ವರವಿಲ್ಲ, ನೆಗಡಿಯಿಲ್ಲ, ಆದರೆ ಮೂರು ವಾರದಿಂದ ತಲೆ ಬಾಚುವಾಗ ಕನ್ನಡಿಯಲ್ಲಿ ಕೂದಲನ್ನು ಮಾತ್ರ ನೋಡಿಕೊಳ್ಳುತ್ತೇನೆ, ಮುಖವನ್ನು ನೋಡಿಕೊಳ್ಳುವುದಿಲ್ಲ. ನಿನ್ನ ಬೆಕ್ಕು ಗಲ್ಲಾದ ಮೇಲೆ ಕೂತು ಬೀದಿ ಕಾಯುತ್ತದೆ. ನಾನು ‘ಬಾ’ ಎಂದರೆ ತಿರುಗಿಯೂ ನೋಡುವುದಿಲ್ಲ. ಒಂದೂವರೆ ವರ್ಷ ನೀನು ಅದಕ್ಕೆ ‘ಬನ್ನಿ, ಬನ್ನಿ’ ಎಂದು ಬಹುವಚನ ಹಚ್ಚಿ, ಅದರ ತಲೆಗೆ ಕೊಂಬು ಮೂಡಿಸಿ ಹೋಗಿದ್ದೀಯ.

ನೀನು ತುಟಿಯಾಡಿಸಿಕೊಂಡು ನಿಧಾನವಾಗಿ ಓದುವವಳು, ಅದಕ್ಕೇ ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಎಲ್ಲಾದರೂ ತಡೆದರೆ ಮತ್ತೊಮ್ಮೆ ಓದು, ನನ್ನ ಮಗನ ಕೈಗೆ ಕೊಡಬೇಡ. ಅವನೆದುರು ಚಿಕ್ಕವಳಾಗಲು ನನಗೆ ಇನ್ನೂ ಮನಸ್ಸಿಲ್ಲ. ನಿನ್ನೆದುರು ಆಗುತ್ತೇನೆ. ಹೈಸ್ಕೂಲಿನಲ್ಲಿ ಭಾಷೆಯ ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬಂದವಳು ನಾನು, ಮಾತಿನ ವಿಷಯ ನನಗೆ ಗೊತ್ತು ಎಂಬ ಜಂಬ ನನಗೆ ಅಂದಿನಿಂದಲೂ ಇದೆ. ಆ ಜಂಬವೇ ಮುಳುಗಿಸಿತು.

ಮನೆಗೆ ಇಬ್ಬರು ಸೊಸೆಯರು, ಇಬ್ಬರೂ ಬೇರೆ ಬೇರೆ ಭಾಷೆಯ ಕಡೆಯಿಂದ ಬಂದಿರಿ. ದೊಡ್ಡವನು ಬೀಗದ ಕಾರ್ಖಾನೆಗೆ ಕೆಲಸ ಕಲಿಯಲು ಹೋಗಿ ಜಪಾನಿ ಮಾತಾಡುವವಳನ್ನು ಕರೆತಂದ. ಚಿಕ್ಕವನು ಹಡಗಿನಲ್ಲಿ ಫಿಟ್ಟರ್ ಆಗಿ ಹೋಗಿ ಖೋಸಾ ಮಾತಾಡುವ ನಿನ್ನನ್ನು ಕರೆತಂದ. ಸೊಸೆಯರನ್ನು ಹೋಲಿಸಬಾರದು ಎಂದು ನನ್ನತ್ತೆ ಹೇಳುತ್ತಿದ್ದರು. ಹೇಳುತ್ತ ಹೇಳುತ್ತಲೇ ಹೋಲಿಸುತ್ತಿದ್ದರು. ನಾನು ಸೊಸೆಯರನ್ನು ಹೋಲಿಸುವುದಿಲ್ಲ, ಭಾಷೆಯನ್ನು ಹೋಲಿಸುತ್ತೇನೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿನ್ನ ಅಕ್ಕ, ಎಂದರೆ ಹಿರಿಯವಳು, ಬಂದ ಮೊದಲ ವಾರವೇ ನನ್ನನ್ನು ಕೂರಿಸಿಕೊಂಡು ಹೇಳಿದ್ದಳು: ಅವರಲ್ಲಿ ತಿನ್ನುವುದಕ್ಕೇ ಮೂರು ಮಾತಂತೆ. ಗೆಳತಿಯರು ತಿಂದರೆ ತಬೇರು, ದೊಡ್ಡವರು ತಿಂದರೆ ಮೆಶಿಯಾಗರು, ದೊಡ್ಡವರೆದುರು ತಾನು ತಿಂದರೆ ಇತದಕು. ಫೋನಿನಲ್ಲಿ ಮಾತಾಡುವಾಗ ಕೂಡ ಕಾಣದ ಗಿರಾಕಿಗೆ ತಲೆ ಬಗ್ಗಿಸುತ್ತಾಳೆ. ನಮ್ಮ ನೀನು, ನೀವು, ತಾವು ಎಲ್ಲ ಅವಳಿಗೆ ಒಂದೇ ತಿಂಗಳಲ್ಲಿ ಬಂತು. ನೀನೋ ಬೆಕ್ಕಿಗೂ ಬನ್ನಿ, ನಾಲ್ಕು ವರ್ಷದ ಮೊಮ್ಮಗಳಿಗೂ ಬನ್ನಿ. ವರ್ಷ ಕಳೆದರೂ ಬಾಗಿಲಿಗೆ ಬಾಗಿಲು ಎನ್ನಲು ಬರಲಿಲ್ಲ. ಬೀಗದ ಅಂಗಡಿಯಲ್ಲಿ ಕೂತು, ಗಾಬರಿಯಿಂದ ಓಡಿಬಂದ ಗಿರಾಕಿಯನ್ನು ನೀನು ‘ಯಾವ ಒಳಗೆ ಹೋಗೋದು? ಮುಂದಿನ ಒಳಗೆ ಹೋಗೋದಾ, ಹಿಂದಿನ ಒಳಗೆ ಹೋಗೋದಾ?’ ಎಂದು ಕೇಳುತ್ತಿದ್ದೆ. ಬಾಚಣಿಗೆ ನಿನಗೆ ‘ಕೂದಲ ಹಲ್ಲು’, ಬಾಟಲಿ ‘ನೀರಿನ ಗಾಜು’. ಮಗುವಿಗೆ ಔಷಧ ಕುಡಿಸುವಾಗ ‘ಹಲ್ಲಿನ ಮನೆ ತೆಗೀರಿ’ ಎಂದೆ ನೀನು. ಅದು ನಕ್ಕು ನಕ್ಕು ಔಷಧವನ್ನೆಲ್ಲ ನನ್ನ ಮೈಮೇಲೆ ಉಗುಳಿತು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇವಳ ತಲೆ ಸ್ವಲ್ಪ ದಪ್ಪ ಎಂದು ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟೆ.

ಇಷ್ಟೇ ಆಗಿದ್ದರೆ ತೊಳೆದುಕೊಳ್ಳಬಹುದಿತ್ತು. ಟೈಲರ್ ಅಮ್ಮನೆದುರು, ನೀನು ಪರದೆಯ ಆಚೆಗೇ ಇದ್ದೀಯೆಂದು ಗೊತ್ತಿದ್ದೂ, ಒಂದು ರೇಷ್ಮೆ ಇನ್ನೊಂದು ಗೋಣಿ ಎಂದೆ. ನಿನ್ನ ಮಾತಿನ ನಡುವೆ ಬರುವ ಟಕ್, ಚಕ್, ಲೊಚ್ ಸದ್ದುಗಳನ್ನು ಅಣಕಿಸಿ ತೋರಿಸಿದೆ, ಕುದುರೆ ಓಡಿಸುವವರ ಭಾಷೆ ಎಂದೆ. ಮರುದಿನ ನೀನು ಏನೂ ಕೇಳದವಳಂತೆ ಚಹಾ ತಂದಿಟ್ಟು, ‘ಅತ್ತೆ, ನೀವು ದಿನವಿಡೀ ನನ್ನ ನುಡೀನೇ ಆಡ್ತೀರಿ. ಸಾರು ಉಕ್ಕಿದರೆ ಲೊಚ್, ಲೆಕ್ಕ ತಪ್ಪಿದರೆ ಲೊಚ್, ನನ್ನ ನೋಡಿದರೆ ಎರಡು ಸಲ ಲೊಚ್. ಮುಂದಿನ ಅಕ್ಷರ ಹಚ್ಚಿದರೆ ಪೂರ್ತಿ ಮಾತೇ ಆಗುತ್ತೆ’ ಎಂದು ನಕ್ಕೆ. ಆ ನಗುವಿನಲ್ಲಿ ಮುಳ್ಳಿರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಆಗ ನನಗೆ ಬರೀ ಮುಳ್ಳೇ ಕಂಡಿತು.

ಈಗ ಆ ದಿನದ ವಿಷಯ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಏಕೆಂದರೆ ನನ್ನ ಕೈಯಿಂದಲೇ ಅದು ಕಾಗದದ ಮೇಲೆ ಇಳಿಯಬೇಕು. ನಮ್ಮ ಅಂಗಡಿಗೆ ನಿನ್ನ ಮಾವನವರ ಹೆಸರೇ ಹೆಸರು; ಬೋರ್ಡಿನ ಮೇಲೆ ಬೇರೇನೂ ಇಲ್ಲ, ಊರಿಗೆಲ್ಲ ಆ ಹೆಸರೆಂದರೆ ಬೀಗ. ಫೋನ್ ಎತ್ತಿದವರು ಮೊದಲು ಆ ಹೆಸರು ಹೇಳಬೇಕೆಂಬುದು ಅವರಿದ್ದಾಗಿನ ನಿಯಮ. ಹಿರಿಯವಳು ಹೇಳುತ್ತಾಳೆ. ನೀನು ಮಾತ್ರ ‘ಬೀಗದ ಅಂಗಡಿ, ಹೇಳಿ’ ಎನ್ನುತ್ತಿದ್ದೆ. ಎಷ್ಟು ಸಲ ತಿದ್ದಿದೆ! ‘ಆಯ್ತು ಅತ್ತೆ’ ಎಂದು ತಲೆಯಾಡಿಸುವುದು, ಮತ್ತೆ ಅದೇ ರಾಗ. ಒಂದು ಗುಟ್ಟು ಹೇಳುತ್ತೇನೆ. ಅವರು ಹೋಗಿ ನಾಲ್ಕು ವರ್ಷವಾಯಿತು. ಮಕ್ಕಳು ಅಪ್ಪ ಎನ್ನುತ್ತಾರೆ, ನಾನು ಅವರು ಎನ್ನುತ್ತೇನೆ. ಆ ಹೆಸರು ಈ ಮನೆಯಲ್ಲಿ ಜೋರಾಗಿ ಕೇಳುವುದು ಫೋನ್ ಬಂದಾಗ ಮಾತ್ರ. ಹಿರಿಯವಳು ದಿನಕ್ಕೆ ಹತ್ತಿಪ್ಪತ್ತು ಸಲ ಅದನ್ನು ಹೇಳುವಾಗ ನಾನು ಈ ಕೋಣೆಯಲ್ಲಿ ಹಳೆಯ ಕೀಲಿಕೈಗಳನ್ನು ಒರೆಸುತ್ತ ಕೇಳಿಸಿಕೊಳ್ಳುತ್ತಿದ್ದೆ. ನಿನ್ನ ಸರದಿಯ ದಿನ ಮನೆ ಮೂಕವಾಗುತ್ತಿತ್ತು. ನಿನ್ನ ಮೇಲಿನ ಸಿಟ್ಟಿನ ಬುಡ ಅಲ್ಲಿತ್ತು, ನನಗೂ ಅದು ಆಗ ತಿಳಿದಿರಲಿಲ್ಲ.

ಅವತ್ತು ಬೆಳಗ್ಗೆ ನಿವೃತ್ತ ಹೆಡ್ಮಾಸ್ತರು ಬಂದರು. ಹಿಂದಿನ ದಿನ ಕೀಲಿಕೈಯನ್ನು ಒಳಗೇ ಬಿಟ್ಟು ಬಾಗಿಲೆಳೆದುಕೊಂಡಿದ್ದರಂತೆ. ನಮಗೆ ಫೋನ್ ಮಾಡಿದ್ದಾರೆ, ‘ಬೀಗದ ಅಂಗಡಿ’ ಎಂದದ್ದು ಕೇಳಿ ಇದು ಬೇರೆ ಯಾರದೋ ನಂಬರೆಂದುಕೊಂಡು ಇಟ್ಟು, ಎದುರು ಬೀದಿಯ ಬೀಗದವನನ್ನು ಕರೆಸಿದ್ದಾರೆ. ‘ಏನಮ್ಮಾ, ನಿಮ್ಮನೆ ಹುಡುಗಿಗೆ ನಿಮ್ಮೆಜಮಾನರ ಹೆಸರು ಹೇಳೋಕೆ ನಾಚಿಕೆಯೋ?’ ಎಂದರು. ಎದುರು ಬೀದಿಯವನು ಎಂಬುದು ಒಂದು ಉರಿ, ನಾಚಿಕೆ ಎಂಬುದು ಅದರ ಮೇಲೆ ಸುರಿದ ಎಣ್ಣೆ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ನಿನ್ನನ್ನು ಕರೆದು ಬೀದಿಗೆ ನಿಲ್ಲಿಸಿ, ನನ್ನ ಊರುಗೋಲನ್ನು ಬೋರ್ಡಿನ ಕಡೆ ಎತ್ತಿ, ‘ಓದು, ಜೋರಾಗಿ’ ಎಂದೆ. ‘ಅತ್ತೆ, ಬೇಡ’ ಎಂದೆ ನೀನು. ‘ಅತ್ತೆ, ನಾನು ಹೇಳ್ತೀನಿ’ ಎಂದು ಹಿರಿಯವಳು ನಡುವೆ ಬಂದಳು. ‘ನೀನು ಸುಮ್ನಿರು’ ಎಂದು ಅವಳ ಬಾಯಿಗೂ ಬೀಗ ಹಾಕಿದೆ. ‘ಈ ಮನೆ ಅನ್ನ ಬೇಕು, ಈ ಮನೆ ಹೆಸರು ಬೇಡವೋ?’ ಎಂದೆ. ಮೂರನೇ ಸಲ ಕೇಳಿದಾಗ ನೀನು ಹೇಳಿದೆ. ಸಣ್ಣ ಬೀಗದ ಸ್ಪ್ರಿಂಗ್ ಬಿಟ್ಟಷ್ಟೇ ಸದ್ದು. ಆಮೇಲೆ ಹೊಟ್ಟೆ ಹಿಡಿದುಕೊಂಡು ಒಳಗೆ ಹೋಗಿ, ನಲ್ಲಿ ಬಿಟ್ಟು, ಬಾಯಿ ಮುಕ್ಕಳಿಸಿದೆ. ನನ್ನ ಗಂಡನ ಹೆಸರು ಎಂಜಲಾಯಿತೇ ಎಂದು ನಾನು ಇಡೀ ಬೀದಿಗೆ ಕೇಳುವಂತೆ ಕೂಗಿದೆ. ಚಿಕ್ಕವನು ಆ ಮಧ್ಯಾಹ್ನವೇ ಪೆಟ್ಟಿಗೆ ಕಟ್ಟಿದ. ಹೊರಡುವಾಗ ಅವನು ನನಗೆ ಹೇಳಿದ್ದು ಒಂದೇ ಮಾತು: ‘ಅಮ್ಮಾ, ನೀನೊಂದ್ಸಲ ಹೇಳು ನೋಡೋಣ.’ ನನಗೆ ಅದು ಉದ್ಧಟತನ ಅನ್ನಿಸಿತು, ಅರ್ಥವಾಗಲಿಲ್ಲ.

ಅರ್ಥವಾಗಲು ಎಂಟು ದಿನ ಬೇಕಾಯಿತು. ದೊಡ್ಡವನು ಯಾರದೋ ಮನೆಯ ಬೀಗ ತೆಗೆಯಲು ಹೋಗಿದ್ದ, ಹಿರಿಯವಳು ಮಗುವನ್ನು ಶಾಲೆಯಿಂದ ಕರೆತರಲು ಹೋಗಿದ್ದಳು, ಗಲ್ಲಾದಲ್ಲಿ ನಾನೊಬ್ಬಳೇ. ಫೋನ್ ಬಂತು. ಮೂವತ್ತೊಂದು ವರ್ಷದಿಂದ ಈ ಅಂಗಡಿಯಲ್ಲಿದ್ದೇನೆ, ಆ ಫೋನನ್ನು ನಾನು ಒಮ್ಮೆಯೂ ಎತ್ತಿಲ್ಲ. ಕೈ ತುಂಬ ಗ್ರೀಸಿದೆ, ಕಿವಿ ಸರಿಯಿಲ್ಲ, ಯಾರಾದರೂ ಎತ್ತಿ ಎಂದು ಏನಾದರೊಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ತಪ್ಪಿಸಿಕೊಳ್ಳುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಅದು ಬಡಿದುಕೊಳ್ಳುತ್ತಲೇ ಇತ್ತು. ಎತ್ತಿದೆ. ನಿಯಮ ನನ್ನದೇ, ಹೆಸರು ನನ್ನ ಗಂಡನದೇ. ಬಾಯಿ ತೆರೆದೆ, ನಾಲಿಗೆ ಏಳಲಿಲ್ಲ. ಆ ಕಡೆಯಿಂದ ‘ಹಲೋ, ಹಲೋ’ ಎನ್ನುತ್ತಿದ್ದಾರೆ. ಕೊನೆಗೆ ನನ್ನ ಬಾಯಿಂದ ಬಂದದ್ದು ‘ಬೀಗದ ಅಂಗಡಿ, ಹೇಳಿ.’ ನಿನ್ನ ಮಾತು, ನಿನ್ನದೇ ರಾಗ. ಅವರು ವಿಳಾಸ ಹೇಳಿದರು. ನಾನು ಬರೆದುಕೊಂಡೆ. ಆಮೇಲೆ ಸ್ಟೂಲಿನ ಮೇಲೆ ಕೂತೆ. ಬೀದಿಯಲ್ಲಿ ನಿನ್ನನ್ನು ನಿಲ್ಲಿಸಿದ್ದಾಗ ನಾನು ಊರುಗೋಲು ಎತ್ತಿ ತೋರಿಸಿದ್ದು ಯಾಕೆ? ಇದನ್ನು ಹೇಳು ಎಂದು ಹೇಳಿಕೊಡಲು ನನಗೇ ಬಾಯಿಲ್ಲದ್ದಕ್ಕೆ.

ಹಿರಿಯವಳು ಬಂದು ನನ್ನ ಮುಖ ನೋಡಿ, ಮಗುವನ್ನು ಒಳಗೆ ಕಳಿಸಿ, ನಿನ್ನ ನೀಲಿ ರಟ್ಟಿನ ನೋಟುಬುಕ್ಕು ತಂದು ಮುಂದಿಟ್ಟಳು. ಸಂಜೆ ಉಗ್ರಾಣದ ಪೆಟ್ಟಿಗೆಗಳ ಮೇಲೆ ಕೂತು ನೀವಿಬ್ಬರೂ ಕಿಸಿಕಿಸಿ ನಗುತ್ತಿದ್ದದ್ದು ನನ್ನನ್ನು ಆಡಿಕೊಳ್ಳಲು ಎಂದುಕೊಂಡಿದ್ದೆ. ನೀವು ಭಾಷೆ ಹೋಲಿಸುತ್ತಿದ್ದಿರಂತೆ. ನಾನು ಮಾಡಿದ್ದೂ ಅದೇ ಕೆಲಸ, ಆದರೆ ನಾನು ಹೋಲಿಸಿದ್ದು ಒಬ್ಬಳನ್ನು ಇಳಿಸಲು, ನೀವು ಹೋಲಿಸಿದ್ದು ಆಟಕ್ಕೆ. ಒಂದು ಸಾಲಿನಲ್ಲಿ ಜಪಾನಿ, ಒಂದರಲ್ಲಿ ಖೋಸಾ, ಒಂದರಲ್ಲಿ ನಮ್ಮದು. ಅವರು ಬಸು, ನೀವು ಇಭಾಸಿ, ನಾವು ಬಸ್ಸು. ಮೂವರೂ ಬಂದ ಮಾತಿಗೆ ಬಾಲ ಹಚ್ಚದೆ ಒಳಗೆ ಬಿಟ್ಟುಕೊಳ್ಳುವವರಲ್ಲ. ಜಪಾನಿಯಲ್ಲಿ ಕ್ರಿಯಾಪದ ನಮ್ಮ ಹಾಗೆ ಕೊನೆಯಲ್ಲಿ ಬಂದು ಕೂರುತ್ತದೆ ಎಂದು ಅವಳು ಬರೆದಿದ್ದಾಳೆ. ನಿಮ್ಮಲ್ಲಿ ನಾಮಪದದ ತಲೆಯಲ್ಲಿ ಯಾವ ಸದ್ದಿದೆಯೋ ಹಿಂದೆ ಬರುವ ಮಾತೂ ಅದನ್ನೇ ತೊಡಬೇಕು, ಕೋಳಿಯ ಹಿಂದೆ ಮರಿ ನಡೆದಂತೆ ಎಂದು ನೀನು ಬರೆದಿದ್ದೀಯ. ಅಪ್ಪನಿಗೆ ಅವರು ಓತೋಸಾನ್, ನೀವು ತಾತಾ. ನಮಗೆ ಹೋಲಿಸಿದರೆ ನೀವು ಒಂದೇ ಒಂದು ತಲೆಮಾರು ಕೆಳಗಿದ್ದೀರಿ, ಅಷ್ಟೆ. ಕೀಲಿಕೈಗೆ ಅವರು ಕಗಿ ಎನ್ನುತ್ತಾರೆ. ನಿಮ್ಮ ಕೀಲಿಕೈಯ ಹೆಸರನ್ನು ಬರೆಯಲು ನಮ್ಮ ಅಕ್ಷರಮಾಲೆ ಸಾಲದೆ ನೀನು ಇಸಿತ್ಶಿ ಎಂದು ಬರೆದು, ಮುಂದೆ ಪುಟ್ಟದೊಂದು ಕೀಲಿಕೈ ಚಿತ್ರ ಬಿಡಿಸಿ, ಆಮೇಲೆ ಓ ಬರೆದಿದ್ದೀಯ. ಹಿರಿಯವಳು ಅದನ್ನು ನನಗೆ ಹೇಳಿ ತೋರಿಸಿದಳು. ನಡುವೆ ಬೀಗ ತಿರುಗಿದ ಸದ್ದೇ ಬಂತು. ನಿನ್ನ ಮಾವ ಕಣ್ಣು ಮುಚ್ಚಿಕೊಂಡು, ಸದ್ದಿನಿಂದಲೇ ಯಾವ ಬೀಗವೆಂದು ಹೇಳುತ್ತಿದ್ದ ಮನುಷ್ಯ. ಅವರು ಇದ್ದಿದ್ದರೆ ನಿನ್ನನ್ನು ಎದುರು ಕೂರಿಸಿಕೊಂಡು ಇಡೀ ದಿನ ಆ ಒಂದು ಮಾತನ್ನೇ ಹೇಳಿಸುತ್ತಿದ್ದರು. ನಾನು ಅದನ್ನು ಕುದುರೆ ಓಡಿಸುವುದು ಎಂದೆ.

ಹಿಂಬದಿಯಿಂದ ನೋಟುಬುಕ್ಕು ಬೇರೆಯಾಗಿ ಶುರುವಾಗುತ್ತದೆ. ಎಡಗಡೆ ಹಿರಿಯವಳ ಅಕ್ಷರ: ಬಾಗಿಲು, ಬಾಚಣಿಗೆ, ಬಾಟಲಿ, ಬಾಯಿ, ಬಾ. ನಡುವೆ ನಿನ್ನ ಅಕ್ಷರ: ಒಳಗೆ ಹೋಗೋದು, ಕೂದಲ ಹಲ್ಲು, ನೀರಿನ ಗಾಜು, ಹಲ್ಲಿನ ಮನೆ, ಬನ್ನಿ. ಎಡಗಡೆಯದನ್ನು ನೀನು ಬರೆಯಲೂ ಒಪ್ಪಲಿಲ್ಲವಂತೆ, ಅದಕ್ಕೆ ಅವಳು ಬರೆದಳಂತೆ. ಎಲ್ಲದರ ಮೊದಲ ಅಕ್ಷರ ನೋಡಿದೆ. ಅಂಗಡಿಯ ಬೋರ್ಡು ನೆನಪಾಯಿತು. ಹಿರಿಯವಳು ಆಗ ಹೇಳಿದಳು: ನಿಮ್ಮ ಕಡೆ ಮದುವೆಯಾದ ಹೆಣ್ಣು ಮಾವನ ಹೆಸರನ್ನಷ್ಟೇ ಅಲ್ಲ, ಆ ಹೆಸರಿನ ಸದ್ದಿರುವ ಮಾತುಗಳನ್ನೂ ಬಾಯಿಗೆ ತರದೆ ಬೇರೆ ಮಾತು ಹುಡುಕಿಕೊಳ್ಳುವ ಪದ್ಧತಿಯುಂಟು, ಅದಕ್ಕೆ ಹ್ಲೊನಿಫ, ಅಂದರೆ ಮರ್ಯಾದೆ, ಎನ್ನುತ್ತಾರೆ, ನಿಮ್ಮಮ್ಮ ಅದನ್ನು ಬಿಡದೆ ಪಾಲಿಸಿದವರು, ನೀನು ಇಲ್ಲಿ ಬದುಕುವವಳು, ಆದ್ದರಿಂದ ಮರ್ಯಾದೆಯೂ ಇಲ್ಲಿಯ ಮಾತಿನಲ್ಲೇ ಇರಬೇಕು ಎಂದು ನಿನ್ನಷ್ಟಕ್ಕೆ ನೀನೇ ಹಿಡಿದ ನೇಮ ಇದು. ನೀನು ಒಮ್ಮೆಯೂ ಕಣ್ಣಿಂದ ನೋಡದ ಮಾವನಿಗಾಗಿ. ‘ಅತ್ತೆ, ನಮ್ಮಲ್ಲಿ ಮರ್ಯಾದೆ ಕೊಡೋಕೆ ಮಾತು ಸೇರಿಸ್ತೀವಿ. ಅವಳಲ್ಲಿ ಮರ್ಯಾದೆಗೆ ಮಾತು ಬಿಡ್ತಾರೆ. ಸೇರಿಸಿದ್ದು ನಿಮ್ಮ ಕಿವಿಗೆ ಬಿತ್ತು, ಬಿಟ್ಟಿದ್ದು ಬೀಳಲಿಲ್ಲ’ ಎಂದಳು. ರೇಷ್ಮೆ ಎಂದು ಹೊಗಳಿಸಿಕೊಂಡವಳು ನನ್ನ ಮುಖಕ್ಕೆ ನೇರವಾಗಿ ಹೇಳಿದ ಮೊದಲ ಮಾತು ಅದು. ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರಿಸಿದೆ. ನೀನೇ ಬೇಡವೆಂದೆಯಂತೆ. ‘ಅತ್ತೆಗೆ ಗೊತ್ತು, ಅವರೂ ನನ್ನ ಹಾಗೇ. ಹೇಳಿಕೊಂಡರೆ ಜಂಬ ಆಗುತ್ತೆ’ ಎಂದೆಯಂತೆ.

ಅವರೂ ನನ್ನ ಹಾಗೇ. ಇದು ಎಲ್ಲಿಂದ ಬಂತು ಎಂದು ಆಮೇಲೆ ಹೊಳೆಯಿತು. ಕಣ್ಣಿನ ಆಸ್ಪತ್ರೆಯ ಕಿಟಕಿಯಲ್ಲಿ ಗುಮಾಸ್ತೆ ಯಜಮಾನರ ಹೆಸರೇನು ಎಂದು ಕೇಳಿದಾಗ ನಾನು ಹಳೆಯ ಚೀಟಿಯನ್ನು ಬೆರಳಿನಿಂದ ಅವಳ ಕಡೆ ತಳ್ಳಿದೆ. ಬಾಯಲ್ಲಿ ಹೇಳಿ ಎಂದಳು. ನಾನು ನಿನ್ನ ಪಕ್ಕೆಗೆ ಮೊಣಕೈ ಕೊಟ್ಟೆ. ನೀನೂ ಅದೇ ಚೀಟಿಯನ್ನು ಬೆರಳಿನಿಂದ ಇನ್ನಷ್ಟು ಮುಂದೆ ತಳ್ಳಿದೆ. ‘ಏನಮ್ಮಾ, ಇಬ್ಬರಿಗೂ ಗೊತ್ತಿಲ್ವಾ?’ ಎಂದು ಅವಳು ಕನ್ನಡಕ ಇಳಿಸಿ ನೋಡಿದಳು. ನೀನು ನನ್ನನ್ನು ನೋಡಿ ನಕ್ಕು ನನ್ನ ಕೈ ಹಿಡಿದುಕೊಂಡೆ. ನಾನು ಕೈ ಬಿಡಿಸಿಕೊಂಡೆ. ಇಷ್ಟೂ ಬಾರದವಳು ಎಂದುಕೊಂಡು ಬಿಡಿಸಿಕೊಂಡೆ. ಆ ಬೀದಿಯ ಕೂಗಾಟಕ್ಕಿಂತ ಈ ಕೈ ಬಿಡಿಸಿಕೊಂಡದ್ದೇ ನನ್ನನ್ನು ಹೆಚ್ಚು ಸುಡುತ್ತದೆ. ಗಂಡನ ಹೆಸರು ಹೇಳದಿರುವುದನ್ನು ನಾನು ಮರ್ಯಾದೆ ಎಂದುಕೊಂಡು ನಲವತ್ತು ವರ್ಷ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದವಳು. ಅದೇ ಮರ್ಯಾದೆಯನ್ನು ನನಗಿಂತ ನಾಲ್ಕು ಪಾಲು ಹೆಚ್ಚು ಮಾಡಿದವಳನ್ನು ಬೀದಿಯಲ್ಲಿ ನಿಲ್ಲಿಸಿ ಮರ್ಯಾದೆ ಕಲಿಸಿದೆ.

ನೋಟುಬುಕ್ಕಿನಲ್ಲಿ ಬಲಗಡೆ ಮೂರನೆಯ ಸಾಲೊಂದು ಖಾಲಿಯಿದೆ. ಮೇಲೆ ನೀನು ಬರೆದಿರುವುದು: ‘ಅತ್ತೆಯನ್ನು ಕೇಳಬೇಕು.’ ಹೊಸ ಸೊಸೆಗೆ ಬದಲಿ ಮಾತುಗಳನ್ನು ಮನೆಯ ಹಿರಿಯ ಹೆಂಗಸರೇ ಹೇಳಿಕೊಡುವುದಂತೆ. ಒಂದೂವರೆ ವರ್ಷ ಕಾದೆಯಲ್ಲ, ಒಮ್ಮೆಯೂ ಕೇಳುವ ಧೈರ್ಯ ಬರದಂತೆ ಮಾಡಿದ್ದೆನಲ್ಲ ನಾನು. ಈಗ ಆ ಸಾಲನ್ನು ತುಂಬಿದ್ದೇನೆ, ನೋಟುಬುಕ್ಕನ್ನು ಈ ಕಾಗದದ ಜೊತೆಗೇ ಕಳಿಸುತ್ತೇನೆ. ಬಾಗಿಲಿಗೆ ಕದ ಎನ್ನು, ಒಳ್ಳೆಯ ಹಳೆಯ ಮಾತು. ಬಾಚಣಿಗೆಗೆ ಹಣಿಗೆ. ಬಾಟಲಿಗೆ ಸೀಸೆ. ಬಾಯಿಗೆ ನಿನ್ನ ಹಲ್ಲಿನ ಮನೆಗಿಂತ ಚೆನ್ನಾದದ್ದು ನನಗೆ ಹೊಳೆಯಲಿಲ್ಲ, ಅದೇ ಇರಲಿ. ‘ಬಾ’ ಎಂಬುದರ ಮುಂದೆ ಮಾತ್ರ ಏನೂ ಬರೆದಿಲ್ಲ. ಅದು ನೀನು ಹೇಳುವ ಮಾತಲ್ಲ. ನಾನು ಹೇಳಬೇಕಾದದ್ದು. ಹೇಳುವ ಮುಖ ನನಗಿದೆಯೆ ಎಂದು ಗೊತ್ತಿಲ್ಲದೆ ಅಲ್ಲಿ ಜಾಗ ಬಿಟ್ಟಿದ್ದೇನೆ.

ಪೇಂಟರನ್ನು ಕರೆಸಿ ಬೋರ್ಡಿನ ಮೇಲೆ ಹೆಸರಿನ ಕೆಳಗೆ ಅಷ್ಟೇ ದಪ್ಪದಲ್ಲಿ ‘ಬೀಗದ ಅಂಗಡಿ’ ಎಂದು ಬರೆಸಿದೆ. ಹೆಡ್ಮಾಸ್ತರು ಬಂದಾಗ ಎಲ್ಲವನ್ನೂ ಹೇಳಿದೆ. ಆ ದಿನ ಇದ್ದ ನಾಲ್ಕು ಜನ ಗಿರಾಕಿಗಳಲ್ಲಿ ಮೂವರಿಗೂ ಅವರವರ ಮನೆಗೆ ಹೋಗಿ ಹೇಳಿದೆ. ನಾಲ್ಕನೆಯವರ ವಿಳಾಸ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ. ಟೈಲರ್ ಅಮ್ಮನಿಗೂ ಹೇಳಿದೆ. ಅವಳು, ‘ನಿಮ್ಮ ಬಾಯಲ್ಲಿ ತಪ್ಪಾಯ್ತು ಅನ್ನೋ ಮಾತು ಕೇಳೋಕೆ ಇಷ್ಟು ವರ್ಷ ಬದುಕಿದ್ದು ಸಾರ್ಥಕ’ ಎಂದಳು. ಅನ್ನಲಿ. ಅನ್ನಿಸಿಕೊಳ್ಳುವ ಸರದಿ ನನ್ನದು. ತಪ್ಪಾಯಿತು, ಮಗಳೇ. ನಿಮ್ಮಮ್ಮನಿಗೂ ಇದನ್ನೇ ಹೇಳು. ಅವರು ಕಾಪಾಡಿಕೊಂಡು ಬಂದದ್ದನ್ನು ನಾನು ಬೀದಿಯಲ್ಲಿ ಬೀಳಿಸಿದೆ.

ನಿಮ್ಮಮ್ಮನಿಗೆ ನನ್ನ ನಮಸ್ಕಾರ. ಚಿಕ್ಕವನಿಗೆ ಏನೂ ಹೇಳಬೇಡ. ಅಮ್ಮ ಫೋನ್ ಎತ್ತಿದಳು ಎಂದಷ್ಟು ಹೇಳು, ಅವನಿಗೆ ಸಾಕು. ಹಿರಿಯವಳೂ ಮಗುವೂ ನಿನ್ನನ್ನು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ನಿನ್ನ ಮೈ ಹಗುರಾಗಲಿ, ಹೆರಿಗೆ ಸಲೀಸಾಗಲಿ, ನೂರು ಕಾಲ ಸುಖವಾಗಿ ಬಾಳು.

ಇಂತು ನಿನ್ನ,
ಅತ್ತೆ

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರುತ್ತಿರಲಿಲ್ಲ. ಈಗ ಅಂಚೆಗೆ ಹೊತ್ತಾಯಿತೆಂದು ಹಿರಿಯವಳು ಹೊರಗೆ ನಿಂತಿದ್ದಾಳೆ. ಗಂಡಾದರೆ ಅಜ್ಜನ ಹೆಸರೇ ಇಡಬೇಕೆಂದು ಊಟದ ಮೇಜಿನಲ್ಲಿ ನಿನ್ನಿಂದ ಮಾತು ತೆಗೆದುಕೊಂಡಿದ್ದೆ. ನೀನು ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ತಲೆ ತಗ್ಗಿಸಿದೆ, ನಾನು ಒಪ್ಪಿಗೆ ಎಂದುಕೊಂಡೆ. ಹೆತ್ತ ಮಗನನ್ನು ಹೆಸರು ಹಿಡಿದು ಒಂದು ದಿನವೂ ಕರೆಯಲಾರದ ತಾಯಿಯಾಗು ಎಂದು ನಿನಗೆ ಹೇಳಿದ್ದೆ ನಾನು. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಆ ಹೆಸರು ಬೋರ್ಡಿನ ಮೇಲಿದೆ, ಅಲ್ಲೇ ಇರಲಿ. ಕೇಳಬೇಕೆನ್ನಿಸಿದರೆ ಟೈಲರ್ ಅಮ್ಮನ ಮನೆಯಿಂದ ಅಂಗಡಿಗೆ ನಾನೇ ಫೋನ್ ಮಾಡುತ್ತೇನೆ, ಹಿರಿಯವಳು ಹೇಳುತ್ತಾಳೆ. ಮಗುವಿಗೆ ನಿನ್ನ ಭಾಷೆಯ ಹೆಸರಿಡು. ನಡುವೆ ಬೀಗ ತಿರುಗುವ ಸದ್ದಿದ್ದರೂ ಸರಿ. ಕನ್ನಡಿಯಲ್ಲಿ ನಾಲಿಗೆಯನ್ನು ಮಾತ್ರ ನೋಡಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ, ಹತ್ತರಲ್ಲಿ ಮೂರು ಸಲ ಬರುತ್ತದೆ. ಕದದ ಹತ್ತಿರ ನಿಂತು ನೀನು ಜೋರಾಗಿ ಕೂಗಿದರೆ ಬೀದಿಯ ಕೊನೆಯಿಂದ ಓಡಿ ಬರುವಂಥ ಹೆಸರಾಗಿರಲಿ.